ವಿಳಾಸ: ಸೈಕಲ್ ಶಾಪಿನ ಮೇಲೆ

ಹೊಟ್ಟಿ ಕಡ್ಯಾಕತ್ತೈತ್ರಿ ಅಂದಿದ್ದೆ,
ಲಿಂಗಸುಗೂರಿನಿಂದ ಈ ತುಮಕೂರಿಗೆ
ಗಾರೆ ಬಾಣಲಿ ಹೊರಲು ಬಂದ ಮೊದಲ ವರ್ಷ.
ಈ ಕಡೆ ಕಡಿತವೆಂದರೆ ತುರಿಕೆಯಂತೆ.
ಹಳದಿ ಮುಲಾಮು ಕೊಟ್ಟು ಕಳಿಸಿದರು.
ನೋವಿಗೆ ಮುದುಡಿಕೊಂಡೇ
ಹೊಕ್ಕುಳ ಸುತ್ತ ಸವರಿಕೊಂಡೆ, ಮೂರು ದಿನ.
ಕನ್ನಡದಿಂದ ಕನ್ನಡಕ್ಕೇ
ಇಷ್ಟು ದೂರ.

ಹಾಗಿರುವಾಗ ಗಂಜಾಮಿನ ಸುಕಾಂತಿ
ಜಿಲ್ಲಾಸ್ಪತ್ರೆಯಲ್ಲಿ
ಏಳು ತಿಂಗಳ ಹೊಟ್ಟೆ ಹೊತ್ತು ಸಾಲಲ್ಲಿ ನಿಂತು
"ಮುಂಡ ಬಿಂಧುಛಿ" ಅಂದಾಗ
ಸಿಸ್ಟರು ಪೆನ್ನು ಕೆಳಗಿಟ್ಟರು:
"ಯಾರಿಗೇ ಮುಂಡೆ ಅಂತೀಯ?"

ನಡುವೆ ಬಿದ್ದೆ,
ಸೆಂಟ್ರಿಂಗ್ ಹಲಗೆಗಳ ಕೆಳಗೆ ಕಲಿತ
ನನ್ನ ಹರಕು ಒಡಿಯಾ ಹಿಡಿದು.
ಬೈಗುಳ ಅಲ್ಲ ಮೇಡಂ, ತಲೆನೋವು.
ನಮ್ಮಲ್ಲಿ ತಲೆ ಹೋದ ಮೈ ಮುಂಡ,
ಇವರಲ್ಲಿ ತಲೆಯೇ ಮುಂಡ.
ಅವರು ನಕ್ಕರು. ನಗುತ್ತಲೇ ತೋಳಿಗೆ ಪಟ್ಟಿ ಸುತ್ತಿ
ಗಾಳಿ ಒತ್ತಿದರು.
ನೂರೈವತ್ತು, ನೂರು.
ಆಮೇಲೆ ನಗಲಿಲ್ಲ.
ಪಾದದ ಬಾವನ್ನು ಹೆಬ್ಬೆರಳಿಂದ ಅದುಮಿದರು,
ಬಿದ್ದ ಗುಳಿ ಬಿದ್ದೇ ಇತ್ತು.

ತಾಯಿ ಕಾರ್ಡ್ ಎಲ್ಲಿ?
ಇಲ್ಲ.
ಮಾಡಿಸಿ. ಇವತ್ತೇ.

ಹೆಸರು ತುಂಬಿತು, ಗಂಡನ ಹೆಸರೂ.
ವಿಳಾಸದ ಹತ್ತಿರ ಗುಮಾಸ್ತರ ಬೆರಳು ನಿಂತಿತು.
ಆಧಾರಿನಲ್ಲಿರುವ ಊರಿಗೆ ಒಂದೂವರೆ ದಿನದ ರೈಲು.
ಇಲ್ಲಿರುವುದು ಅಂತರಸನಹಳ್ಳಿಯಾಚೆ
ಗ್ರಾನೈಟ್ ಕೊಯ್ಯುವ ಶೆಡ್ಡಿನ ಹಿಂದೆ, ತಗಡು;
ಅದಕ್ಕೆ ನಂಬರಿಲ್ಲ, ಬೀದಿಯಿಲ್ಲ,
ಬಾಗಿಲಿನ ಜಾಗದಲ್ಲಿ ಹಳೇ ಫ್ಲೆಕ್ಸು,
ಅದರಲ್ಲಿ ಯಾರದೋ ಹುಟ್ಟುಹಬ್ಬದ ಅರ್ಧ ಮುಖ.
ಮೇಸ್ತ್ರಿ ಚೀಟಿ ಕೊಡಲಾರ,
ಕೊಟ್ಟರೆ ಅವಳು ಅಲ್ಲಿದ್ದಾಳೆ ಅಂತಾಗುತ್ತದೆ.

ಬರೆದೆ ನಮ್ಮ ಸಂಘದ್ದೇ:
ಶಿರಾಗೇಟ್, ಸೈಕಲ್ ಶಾಪಿನ ಮೇಲೆ.

ಸಂಘ ಅಂದರೆ ದೊಡ್ಡದೇನಲ್ಲ.
ಎಂಟಡಿಗೆ ಹತ್ತಡಿ, ಒಂದು ಟೇಬಲ್ಲು.
ಬೋರ್ಡಿನಲ್ಲಿ ಜಾಗ ಸಾಲದೆ ಪೇಂಟರು
'ಕೇಂ' ಒಂದು ಸಾಲಿಗೆ, 'ದ್ರ' ಇನ್ನೊಂದಕ್ಕೆ ಮುರಿದ.
ರಿಟೈರಾದ ಕಾಂಪೌಂಡರ್ ಗಂಗಹನುಮಯ್ಯ,
ಬೀಡಿ ಮೊರ ಬಿಟ್ಟು ಬಂದ ಜರೀನಾ,
ಭಾನುವಾರ ಮಾತ್ರ ಸಿಗುವ ಆಟೋ ತಿಪ್ಪೇಶ,
ಮತ್ತೆ ನಾನು, ಹುಲಿಗೆಮ್ಮ.
ಎರಡು ತಿಂಗಳ ಬಾಡಿಗೆ ಬಾಕಿ.

ಗುರುವಾರ ಆಶಾ ಕಾರ್ಯಕರ್ತೆ ಪುಟ್ಟಗಂಗಮ್ಮ
ರಿಜಿಸ್ಟರು ಬಗಲಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿದರು.
ಏದುಸಿರಿನಲ್ಲೇ ಓದಿದರು:
"ಈ ಮನೇಲಿ ನಲವತ್ತೊಂದು ಬಸುರಿಯರು,
ಇಪ್ಪತ್ತಾರು ಕೂಸು.
ಎಲ್ಲಮ್ಮಾ ಎಲ್ರೂ?"
ಟೇಬಲ್ಲಿನ ಕೆಳಗೂ ಬಗ್ಗಿ ನೋಡಿದರು,
ತಮಾಷೆಗೋ, ನಿಜಕ್ಕೋ.

ಜರೀನಾ ಟೀ ಬಗ್ಗಿಸಿದಳು.
ನಾನು ಕಿಟಕಿಯಿಂದ ದಿಕ್ಕು ತೋರಿಸಿದೆ.
"ಅದು ನನ್ನ ಏರಿಯಾ ಅಲ್ಲ."
"ಕಾರ್ಡಲ್ಲಿ ನಿಮ್ಮದೇ ತಾಯಿ,"
ಅಂದರು ಗಂಗಹನುಮಯ್ಯ, ಕನ್ನಡಕ ಒರೆಸುತ್ತ.
ಟೀ ಆರಿತು.
ಮೂವತ್ತು ಮನೆ ಹೆಚ್ಚಾದರೆ ಕಾಲು ಎಷ್ಟು ಸವೆಯುತ್ತದೆಂದು
ಅವರಿಗೆ ಗೊತ್ತು, ನಮಗೂ ಗೊತ್ತು.
ಬೈದುಕೊಂಡರು, ಯಾರನ್ನೆಂದು ಕೇಳಲಿಲ್ಲ,
ಆದರೆ ರಿಜಿಸ್ಟರು ಮುಚ್ಚಲಿಲ್ಲ.

ತಿಪ್ಪೇಶನಿಗೆ ಫೋನು ಹಚ್ಚಿದೆ,
ಗುರುವಾರವಾದರೂ.

ಶೆಡ್ಡಿನ ಹಿಂದೆ ಕಲ್ಲಿನ ಹಿಟ್ಟು
ಒಗೆದ ಬಟ್ಟೆಯ ಮೇಲೆ, ಬೇವಿನೆಲೆಯ ಮೇಲೆ,
ಸುಕಾಂತಿಯ ರೆಪ್ಪೆಯ ಮೇಲೆ.
ಮಾತ್ರೆಯ ಹಾಳೆ ತಂದು ತೋರಿಸಿದಳು,
ಎರಡು ದಿನದ್ದು ಹಾಗೇ ಉಳಿದಿತ್ತು.
"ತಲೆ ಹೇಗಿದೆ?"
ಇಲ್ಲಿಗೆ ಬಂದು ಅವಳು ಕಲಿತದ್ದು
ಒಂದೇ ಒಂದು ಕನ್ನಡ:
"ಸ್ವಲ್ಪ."

ಸ್ವಲ್ಪ ನೋವೋ,
ಸ್ವಲ್ಪ ವಾಸಿಯೋ.
ನನ್ನ ಒಡಿಯಾಕ್ಕೂ ಅದು ಸಿಗಲಿಲ್ಲ.
ಗಂಗಹನುಮಯ್ಯ ತಮ್ಮ ಹಳೇ ಬಿ.ಪಿ. ಪೆಟ್ಟಿಗೆ ಬಿಚ್ಚಿದರು.
ಪುಟ್ಟಗಂಗಮ್ಮ ಅವಳ ತೋಳು ಹಿಡಿದುಕೊಂಡರು.
ಕಲ್ಲು ಕೊಯ್ಯುವ ಗರಗಸದ ಸದ್ದಿನೊಳಗೆ ಕಿವಿಯಿಟ್ಟು,
ಪಾದರಸ ಎಲ್ಲಿ ನಿಲ್ಲುತ್ತದೋ ಎಂದು
ಎಲ್ಲರೂ ಬಗ್ಗಿದೆವು.